ಹದಿನೈದು ದಿನದ ಕೆಮ್ಮು

ಅರ್ಧ ಬಾಗಿಲ ಕೆಳಗೆ ಎರಡು ಚಪ್ಪಲಿ ಕಾಣುತ್ತಿವೆ, ಕರಿಯ ಪಟ್ಟಿಯವು, ಹಿಮ್ಮಡಿಯ ಕಡೆ ಸವೆದವು, ಒಂದು ಇತ್ತ ತಿರುಗಿದೆ, ಇನ್ನೊಂದು ಕೊಂಚ ಓರೆ, ಮಿಕ್ಕಿದ್ದೆಲ್ಲ ಮೇಜಿನಡಿಯ ಕತ್ತಲು — ನಂಜುಂಡಪ್ಪನವರು ಊಟ ಮುಗಿಸಿ ಬಂದು ಕೂತಿದ್ದಾರೆ, ಯಾರದೋ ಕಾಗದ ನೋಡುತ್ತಿದ್ದಾರೆ, ನೋಡಲಿ, ಕೈಯಲ್ಲಿ ಕೆಲಸ ಹಿಡಿದವರ ಎದುರಿಗೆ ಹೋಗಿ ನಿಂತು ಕೆಮ್ಮಬಾರದು, ಕೆಮ್ಮು — ಆ ಮಾತು ಮನಸ್ಸಿಗೆ ಬಂದದ್ದೇ ಬೆಟ್ಟಸ್ವಾಮಿ ಬೆಂಚಿನ ಮೇಲೆ ಸರಿದು ಕೂತ, ತೊಡೆಯ ಮೇಲಿದ್ದ ಬಟ್ಟೆಚೀಲವನ್ನು ಹೊಟ್ಟೆಗೆ ಒತ್ತಿಕೊಂಡ, ಚೀಲದೊಳಗೆ ಮಗಳ ಅರ್ಜಿ, ಅರ್ಜಿಯ ಪಕ್ಕದಲ್ಲಿ ಅಟ್ಟದಿಂದ ತಂದ ಒಂದು ತೆಂಗಿನಕಾಯಿ. ಎದುರು ಗೋಡೆಯ ಗಡಿಯಾರದಲ್ಲಿ ಎರಡೂವರೆ. ನಾಲ್ಕೂವರೆಗೆ ಫೈಲು ಮೇಲಿನ ಸಾಹೇಬರ ಹತ್ತಿರ ಹೋಗುತ್ತೆ ಯಜಮಾನ್ರೇ, ಅಷ್ಟರೊಳಗೆ ಬಂದು ನನ್ನ ಮುಂದೆ ಬರೆದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ, ಎಂದು ಬೆಳಿಗ್ಗೆ ನಂಜುಂಡಪ್ಪನವರು ಹೇಳಿದ್ದರು, ಯೂನಿವರ್ಸಿಟಿಯ ಗುಮಾಸ್ತರಾದರೂ ಗದರುವ ಜನವಲ್ಲ, ಕನ್ನಡಕವನ್ನು ಹಣೆಗೇರಿಸಿ, ರಟ್ಟು ಹರಿದ ಅಚ್ಚಿನ ಪುಸ್ತಕವೊಂದನ್ನು ತೆಗೆದು, ಓದು ಬಾರದವನಿಗೆ ತಿಳಿಯುವ ಹಾಗೆ ಬೆರಳಿಟ್ಟು ಒಂದೊಂದೇ ಸಾಲು ಹೇಳಿದ್ದರು, ಗಣಿತದಲ್ಲಿ ಎಂಎಸ್ಸಿ ಅನ್ನಿಸಿಕೊಳ್ಳಬೇಕಾದರೆ ಎರಡು ವರ್ಷದ ಓದು, ವರ್ಷಕ್ಕೆ ನಾಲ್ಕರ ಹಾಗೆ ಎಂಟು ಪೇಪರು, ಎಂಟರಲ್ಲೂ ಪಾಸಾಗಬೇಕು, ಒಂದರಲ್ಲಿ ಜಾಸ್ತಿ ಬಂದು ಇನ್ನೊಂದರಲ್ಲಿ ಕಡಿಮೆ ಬಂದರೆ ಆಗದು, ಮೇಷ್ಟ್ರುಗಳ ಮುಂದೆ ಬಾಯಿಪರೀಕ್ಷೆ, ಎರಡು ವರ್ಷವೂ ನಾಲ್ಕರಲ್ಲಿ ಮೂರು ಪಾಲು ಹಾಜರಿ, ಇದಿಷ್ಟೂ ಸೇರಿದ ದಿನದಿಂದ ನಾಲ್ಕು ವರ್ಷದೊಳಗೆ, ನಿಮ್ಮ ಮಗಳದ್ದು ಏಳು ಪೇಪರು ಆಗಿದೆ, ಬಾಯಿಪರೀಕ್ಷೆ ಆಗಿದೆ, ಉಳಿದಿರುವುದು ಒಂದೇ ಒಂದು, ಆದರೆ ಸೇರಿದ್ದು ಎಪ್ಪತ್ತೊಂಬತ್ತು, ಈಗ ಎಂಬತ್ತಮೂರು, ಬರುವ ಸೋಮವಾರದ ಪರೀಕ್ಷೆಯೇ ಕೊನೆ, ಅದಕ್ಕೆ ಕೂರದಿದ್ದರೆ ಹೆಸರು ಹೊಡೆದುಹಾಕುತ್ತಾರೆ, ಆಮೇಲೆ ಗೆದ್ದ ಏಳೂ ಗಾಳಿಗೆ ಹೋದ ಹಾಗೆ. ಸೋಮವಾರ ಅವಳು ಕೂರುವುದು ಹೇಗೆ, ಇಲ್ಲಿಗೆ ಎರಡು ಮೈಲಿ ದೂರದ ಎದೆರೋಗದ ಆಸ್ಪತ್ರೆಯಲ್ಲಿ, ಹೆಂಗಸರ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ, ಬೆನ್ನಿಗೆ ದಿಂಬು ಕೊಟ್ಟರೆ ಕೂರುತ್ತಾಳೆ, ದಿಂಬು ತೆಗೆದರೆ ಇಲ್ಲ. ಒಂದು ದಾರಿ ಇದೆ, ವರ್ಷದಲ್ಲಿ ಮೂರು ತಿಂಗಳಿಗೆ ಕಡಿಮೆಯಿಲ್ಲದೆ ಕಾಯಿಲೆ ಇತ್ತು ಅಂತ ಡಾಕ್ಟರ ಕಾಗದ ಇದ್ದರೆ ಸಾಹೇಬರು ಇನ್ನೊಂದು ವರ್ಷ ಕೊಡಬಹುದು, ಆದರೆ ಇಲ್ಲಿ ನೋಡಿ — ಬೆರಳು ಆಸ್ಪತ್ರೆಯ ಕಾಗದದ ಮೇಲೆ ಬಂದು ನಿಂತಿತ್ತು — ಸೇರಿಸುವಾಗ ಹದಿನೈದು ದಿನದಿಂದ ಕೆಮ್ಮು, ರೋಗಿಯ ತಂದೆಯ ಹೇಳಿಕೆಯಂತೆ, ಹದಿನೈದು ದಿನ, ಆಸ್ಪತ್ರೆಯಲ್ಲಿ ಒಂದು ತಿಂಗಳು, ಕೂಡಿದರೂ ಒಂದೂವರೆ ತಿಂಗಳು, ತಂದೆ ಅಂದರೆ ನೀವೇ ತಾನೆ.

ತಂದೆ ಅಂದರೆ ತಾನೇ. ನಿಜವಾಗಿ ಎಷ್ಟು ದಿನ ಯಜಮಾನ್ರೇ, ಎಂದು ಅವರು ಕೇಳಿದಾಗ ಪಕ್ಕದಲ್ಲಿ ಇನ್ನಿಬ್ಬರು ಕಾಗದ ಹಿಡಿದು ನಿಂತಿದ್ದರು, ಅವರು ಯಾರೋ ಏನೋ, ತಿಪಟೂರಿನ ಕಡೆಯವರಲ್ಲ, ಆದರೂ ಬಾಯಿ ಬರಲಿಲ್ಲ, ನಂಜುಂಡಪ್ಪನವರು ಮುಖ ನೋಡಿಯೇ ಅರಿತುಕೊಂಡರೋ ಏನೋ, ಹೇಳಿದ ಮಾತು ತಪ್ಪಾಗಿದ್ದರೆ ಹೇಳಿದವರೇ ತಪ್ಪು ಅಂತ ಬರೆದುಕೊಡಬೇಕು, ಮಗಳ ಮಾತು ನಡೆಯೋದಿಲ್ಲ, ಹೋದ ವರ್ಷ ಒಬ್ಬರು ಹಾಗೆ ಬರೆದುಕೊಟ್ಟದ್ದಕ್ಕೆ ವರ್ಷ ಸಿಕ್ಕಿದೆ, ಊಟ ಮಾಡಿ ಯೋಚನೆ ಮಾಡಿ ಬನ್ನಿ ಎಂದಿದ್ದರು. ಊಟ ಎಲ್ಲಿಯದು, ಆಲದ ಮರದ ಕೆಳಗೆ ಕೂತು ಹೆಂಡತಿ ಕಲ್ಲಮ್ಮ ಕಟ್ಟಿಕೊಟ್ಟಿದ್ದ ರೊಟ್ಟಿಯನ್ನು ಬಿಚ್ಚಿ ನೋಡಿ ಮತ್ತೆ ಕಟ್ಟಿದ್ದಾಯಿತು. ಹಾಜರಿ ಸರಿ ಇದೆ ಅಂದರಲ್ಲ, ಆ ಹಾಜರಿ ಸರಿಯಾಗಲು ಒಂದು ವರ್ಷ ಹೋಯಿತು ಎಂಬುದು ಆ ಪುಸ್ತಕದಲ್ಲಿ ಇಲ್ಲ, ನಾಲ್ಕು ವರ್ಷದ ಮೊದಲನೆಯದು, ಅದನ್ನು ತಿಂದವನು ಯಾರು, ಒಂದು ಕಾರ್ಡು ಬರೆಸಿದವನು ಯಾರು, ಶಾಂತಕುಮಾರಿಗೆ ಅಪ್ಪಯ್ಯನ ಆಶೀರ್ವಾದಗಳು, ಈಗ ಅಟ್ಟ ಇಳಿಸುವ ಹೊತ್ತು, ನನ್ನ ಕಿವಿ ಮೊದಲಿನಂತಿಲ್ಲ, ನೀನು ಬಂದರೆ ಅನುಕೂಲ. ಅಷ್ಟೇ ಬರೆಸಿದ್ದು. ಅವಳ ಕಿವಿ ಅಂಥದ್ದು, ಎಂಟು ವರ್ಷದವಳಿದ್ದಾಗಿಂದ ಏಣಿಯ ಬುಡದಲ್ಲಿ ಕೂತು, ಕಿತ್ತು ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಕಳೆದ ಕಾಯನ್ನು ಸಿಪ್ಪೆ ಸಮೇತ ಕಿವಿಗೆ ಹಿಡಿದು ಅಲ್ಲಾಡಿಸುವಳು, ಒಳಗೆ ಕೊಬ್ಬರಿ ಒಣಗಿ ಗಿಟುಕಾಗಿ ಚಿಪ್ಪಿನಿಂದ ಬಿಟ್ಟು ಗಡಗಡ ಅಂದರೆ ಇತ್ತ, ಕುಳುಕ್ ಅಂದರೆ ಅತ್ತ, ಇನ್ನೂ ನೀರೈತೆ ಅಪ್ಪಯ್ಯ, ಇದು ಇರ್ಲಿ. ಇರಲಿ ಎಂಬುದು ಈ ಬದುಕಿನ ಮೊದಲ ಪಾಠ, ಕೊಬ್ಬರಿಯನ್ನು ಯಾರೂ ಅವಸರಪಡಿಸುವಂತಿಲ್ಲ, ಬಿಸಿಲಿಗೆ ಹಾಕುವಂತಿಲ್ಲ, ಒಡೆದು ನೋಡುವಂತಿಲ್ಲ, ನೀರಿರುವಾಗ ಒಡೆದರೆ ಆ ಕಾಯಿ ಅಡುಗೆಗೂ ಇಲ್ಲ, ಪೇಟೆಗೂ ಇಲ್ಲ, ಕತ್ತಲಲ್ಲಿ ಬಿಟ್ಟುಬಿಡಬೇಕು, ತಾನಾಗಿ ಸದ್ದು ಮಾಡುತ್ತದೆ. ಬೆಟ್ಟಸ್ವಾಮಿಯ ಅಪ್ಪ ಹಾಗೆ ಬದುಕಿದ, ಬೆಟ್ಟಸ್ವಾಮಿ ಹಾಗೆ ಬದುಕಿದ, ಮನುಷ್ಯರ ವಿಷಯದಲ್ಲೂ ಅಷ್ಟೇ, ಕೇಳಿ ಕೆದಕಿ ಮಾಡುವುದು ಅವನ ಜಾಯಮಾನವಲ್ಲ. ಕಾಯಿ ಸುಲಿಯುವ ತಿಪ್ಪಯ್ಯ ಸುಲಿಗೋಲಿನ ಮುಂದೆ ನಿಂತು ನಗುವನು, ಅಲ್ಲ ಕಣಕ್ಕ, ಹದಿನೇಳು ವರ್ಸ ಅದೆಂಥಾ ಲೆಕ್ಕ ಓದೀಯೆ, ಮಗ್ಗಿ ಇಪ್ಪತ್ತಕ್ಕೆ ಮುಗೀತದಲ್ಲ, ಅವಳು ಕಿವಿಯಿಂದ ಕಾಯಿ ಇಳಿಸದೆಯೇ, ಇಪ್ಪತ್ತಕ್ಕೆ ಮುಗೀತದೆ ಅಂತ ನಿಂಗೆ ಹೇಳ್ದೋರು ಯಾರು ತಿಪ್ಪಯ್ಯಣ್ಣ, ಮುಗಿಯಲ್ಲ ಅಂತ ತೋರ್ಸಕ್ಕೇ ಹದಿನೇಳು ವರ್ಷ ಬೇಕು ಅನ್ನುವಳು. ಮೂರು ವಾರ ಇದ್ದಳು, ಅಟ್ಟ ಪೂರ್ತಿ ಇಳಿಯಿತು, ಒಂದೇ ಒಂದು ಗಿಟುಕು ಕೆಟ್ಟದ್ದಿರಲಿಲ್ಲ. ಆಮೇಲೆ ವರ್ಷದ ಕೊನೆಯಲ್ಲಿ ಕಾಗದ ಬಂತು, ಹಾಜರಿ ನಾಲ್ಕು ದಿನ ಕಡಿಮೆ, ಪರೀಕ್ಷೆಗೆ ಕೂರಿಸುವುದಿಲ್ಲ, ವರ್ಷವನ್ನು ಮೊದಲಿಂದ ಮಾಡಬೇಕು. ಪಾಠ ಬಂದ್ರೆ ಸಾಲ್ದಾ ಮಗಾ, ಹಾಜರಿ ಅನ್ನೋದು ಚಿಕ್ಕ ಮಕ್ಕಳಿಗಲ್ವಾ ಎಂದು ಅವನು ಕೇಳಿದ್ದ, ಅವಳು ಕಾಗದವನ್ನು ನಾಲ್ಕಾಗಿ ಮಡಿಸುತ್ತ, ನಾನು ಅಲ್ಲಿ ಕೂತಿದ್ದೆ ಅಂತ ಅವ್ರು ಬರೀಬೇಕಂತೆ ಅಪ್ಪಯ್ಯ, ಕಲಿತೆ ಅಂತ ಆಮೇಲೆ, ಎಂದಳು, ಕಾರ್ಡಿನ ಸುದ್ದಿ ಎತ್ತಲಿಲ್ಲ, ಆವತ್ತೂ ಎತ್ತಲಿಲ್ಲ, ಇವತ್ತಿನವರೆಗೂ ಎತ್ತಿಲ್ಲ. ಬುಡು, ಒಂದು ವರ್ಷ ತಾನೆ, ಇನ್ನೊಂದ್ಸಲ ಕೂತ್ಕ ಅಂದವನು ತಾನು. ಒಂದು ವರ್ಷ ತಾನೆ.

ಚಪ್ಪಲಿ ಅಲ್ಲೇ ಇವೆ. ಒಳಗೆ ಟೈಪು ಹೊಡೆಯುವ ಸದ್ದು, ನಿಂತಿತು, ಮತ್ತೆ ಶುರುವಾಯಿತು, ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷ, ಹೊತ್ತಿದೆ, ಎದುರಿಗೆ ಹೋಗಿ ನಿಂತ ಮೇಲೆ ತಡವರಿಸಬಾರದು, ಮೊದಲು ಮನಸ್ಸಿನಲ್ಲಿ ಮಾತು ಕೂಡಿಸಿಕೊಳ್ಳಬೇಕು, ನಾನು ಬೆಟ್ಟಸ್ವಾಮಿ, ಹೊನ್ನವಳ್ಳಿಯವನು, ಶಾಂತಕುಮಾರಿಯ ತಂದೆ, ನಾನು ಹೇಳಿದ್ದು ಸುಳ್ಳು, ಕೆಮ್ಮು ಹದಿನೈದು ದಿನದ್ದಲ್ಲ, ಕೆಮ್ಮು — ಎಲ್ಲಿಂದ ಹಿಡಿಯಬೇಕು, ಹೋದ ಆಷಾಢದಿಂದ, ಅವಳು ಉಳಿದ ಆ ಒಂದು ಪೇಪರನ್ನು ಮನೆಯಲ್ಲೇ ಓದಿಕೊಳ್ಳುತ್ತೇನೆ ಅಂತ ಬಂದ ಆಷಾಢ, ಅಟ್ಟದ ಮೇಲೆ ಕಾಯಿ ರಾಶಿಯ ಪಕ್ಕದಲ್ಲಿ ಚಾಪೆ ಹಾಸಿಕೊಂಡಳು, ಕೆಳಗೆ ದನ, ಜನ, ಕಲ್ಲಮ್ಮನ ಒರಳು, ಇಲ್ಲಾದ್ರೆ ಸದ್ದಿಲ್ಲ ಅಪ್ಪಯ್ಯ ಎಂದಳು. ಆ ವರ್ಷ ಸೋನೆ ಬಿಡಲಿಲ್ಲ, ಕಾಯಿಗೆ ತೇವ ಹಿಡಿದು ಬೂಸರು ಬರಬಾರದು ಅಂತ ಅಟ್ಟದ ಕೆಳಗೆ ಸಿಪ್ಪೆಯ ಹೊಗೆ ಹಾಕಿದ್ದ, ಉರಿಯಿಲ್ಲದೆ ಸುಮ್ಮನೆ ಹೊಗೆಯಾಡುತ್ತ ಇರಬೇಕು, ವಾರಗಟ್ಟಲೆ, ಆ ಹೊಗೆಯಲ್ಲಿ ಅವಳು, ಅಟ್ಟದ ಹಲಗೆಯ ಸಂದಿನಿಂದ ಕೆಮ್ಮು, ಖೊಕ್, ಖೊಕ್, ಎರಡು ಸಲ ಮಾತ್ರ, ಆಮೇಲೆ ಪುಟ ತಿರುವುವ ಸದ್ದು. ಅದೇನು ಮಗಾ ಆ ಪೇಪರು, ಏಳು ಗೆದ್ದೋಳಿಗೆ ಅದೊಂದು ಯಾಕೆ ಕೈ ಕೊಡ್ತು, ಎಂದು ಒಂದು ದಿನ ಏಣಿ ಹತ್ತಿ ಕೇಳಿದ್ದ, ಅಳತೆ ಅಪ್ಪಯ್ಯ, ಅದರ ಹೆಸರೇ ಅಳತೆ ಅಂದಳು, ಗೋಡೆಯ ಮೇಲೆ ಇದ್ದಿಲಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು, ಈ ಗೆರೆ ಮೇಲೆ ಚುಕ್ಕಿ ಇಡ್ತಾ ಹೋಗು, ಒಂದು, ಎರಡು, ಮೂರು, ಎರಡು ಚುಕ್ಕಿ ನಡುವೆ ಇನ್ನೊಂದು, ಅದರ ನಡುವೆ ಮತ್ತೊಂದು, ನಿಲ್ಲಿಸ್ಬೇಡ, ಎಲ್ಲಿ ಬೆರಳಿಟ್ರೂ ಪಕ್ಕದಲ್ಲೇ ಚುಕ್ಕಿ ಇರ್ಬೇಕು, ಅಷ್ಟು ಇಡು, ಈಗ ಆ ಚುಕ್ಕಿಗಳನ್ನೆಲ್ಲ ಕೂಡಿಸಿ ಎಷ್ಟು ಉದ್ದ ಆಯ್ತು ಹೇಳು. ಗೆರೆಯಷ್ಟು ಅಂದ. ಸೊನ್ನೆ ಅಪ್ಪಯ್ಯ. ಸೊನ್ನೆ ಹೆಂಗಾಯ್ತದೆ, ಅಷ್ಟೊಂದು ಇಟ್ಟೀವಲ್ಲ. ಚುಕ್ಕಿಗೆ ಉದ್ದ ಇಲ್ವಲ್ಲ, ಹಿಂಗೆ ಒಂದೊಂದೇ ಎಷ್ಟು ಇಟ್ರೂ ಸೊನ್ನೇನೇ, ಎಂದು ನಕ್ಕಳು, ನಗು ಮುಗಿಯುವ ಮೊದಲೇ ಕೆಮ್ಮು ಬಂತು, ಬಾಯಿಗೆ ಸೆರಗು ಹಿಡಿದುಕೊಂಡಳು, ಹೊಗೆ ಕಣಪ್ಪಯ್ಯ ಅಂದವಳು ಅವಳೇ, ಹೌದು ಹೊಗೆ ಅಂದವನು ತಾನು. ಗೌರಿ ಹಬ್ಬ ಬಂತು, ಮಳೆ ನಿಂತಿತು, ಹೊಗೆ ನಿಲ್ಲಿಸಿದ್ದಾಯಿತು, ಕೆಮ್ಮು ನಿಲ್ಲಲಿಲ್ಲ. ಕಲ್ಲಮ್ಮ ಸಗಣಿ ಕೈಯಲ್ಲೇ ಬಂದು ಎದುರಿಗೆ ನಿಂತಳು, ಏನ್ರೀ, ಆ ಹುಡುಗಿ ಕೆಮ್ತಾಳಲ್ಲ, ನಿಮ್ಗೆ ಕೇಳ್ಸಲ್ವಾ, ಕಾಯಿ ಸದ್ದು ಕೇಳೋ ಕಿವಿ ಇದಕ್ಕೆ ಕಿವುಡಾ. ಬುಡೇ, ಎದೇಲಿ ಹೊಗೆ ಕೂತದೆ, ಹೋಯ್ತದೆ ಅಂದ. ದೀಪಾವಳಿ ಆಯಿತು, ಸಂಕ್ರಾಂತಿ ಆಯಿತು. ಪ್ರತಿ ದಿನವೂ ನೋಡಿದ್ದಾನೆ, ಪ್ರತಿ ದಿನವೂ ಕೇಳಿದ್ದಾನೆ, ನಾಳೆ ಕರೆದುಕೊಂಡು ಹೋಗೋಣ ಅಂತ ಪ್ರತಿ ದಿನವೂ ಒಂದು ಚುಕ್ಕಿ ಇಟ್ಟಿದ್ದಾನೆ.

ಅದು ಅಸಡ್ಡೆ ಮಾತ್ರ ಅಲ್ಲ, ಈ ಬೆಂಚಿನ ಮೇಲೆ ಕೂತು ಸುಳ್ಳು ಹೇಳಿಕೊಳ್ಳುವುದು ಯಾತಕ್ಕೆ, ಭಯವೂ ಇತ್ತು, ತಿಪಟೂರು ಪೇಟೆಯಲ್ಲಿ ಕೊಬ್ಬರಿ ಮಂಡಿ ಇಟ್ಟ ವೀರಭದ್ರಯ್ಯ ತನ್ನ ತಂಗಿಯ ಮಗನಿಗೆ ಶಾಂತಳನ್ನು ಕೇಳಿದ್ದ, ಹುಡುಗ ತೋಂಟದಾರ್ಯ, ತುರುವೇಕೆರೆ ಹೈಸ್ಕೂಲಿನಲ್ಲಿ ಮೇಷ್ಟ್ರು, ಎಂಎಸ್ಸಿ ಮಾಡಿದ ಹುಡುಗಿಯೇ ಬೇಕಂತೆ, ಅವಸರ ಇಲ್ಲ ಕಣ್ಲಾ ಬೆಟ್ಟಸ್ವಾಮಿ, ಆಯಮ್ಮ ಓದು ಮುಗಿಸ್ಲಿ, ಆಮೇಲೆ ನಮ್ ಹುಡುಗನ್ನ ಮನೇಲಿ ಬೆಂಚಿನ ಮೇಲೆ ನಿಲ್ಲುಸ್ಲಿ, ಎಂದು ಕೊಬ್ಬರಿ ಚೀಲದ ಮೇಲೆ ಕೂತು ಹೊಟ್ಟೆ ಕುಣಿಸಿ ನಕ್ಕಿದ್ದ. ಶಾಂತಳಿಗೂ ಒಪ್ಪಿಗೆಯಿತ್ತು, ಬಾಯಲ್ಲಿ ಹೇಳಲಿಲ್ಲ, ಆ ಹುಡುಗ ಯಾವುದೋ ಲೆಕ್ಕದ ಪುಸ್ತಕ ಕಳಿಸಿದಾಗ ಅದಕ್ಕೆ ಕಾಗದದ ಹೊದಿಕೆ ಹಾಕಿ ಇಟ್ಟುಕೊಂಡಳು. ಎದೆಯ ಕಾಯಿಲೆ ಅಂತ ಒಂದು ಮಾತು ಹೊರಗೆ ಬಿದ್ದರೆ ಯಾರು ಬರುತ್ತಾರೆ, ಹುಡುಗಿಯನ್ನು ಬಿಡು, ಆ ಮನೆಯ ಅಟ್ಟದ ಕೊಬ್ಬರಿ ತಿನ್ನುತ್ತಾರೆಯೆ. ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಏಣಿಯ ನಡುಮೆಟ್ಟಿಲಲ್ಲಿ ಕೂತುಬಿಟ್ಟಳು, ಮೇಲೂ ಹತ್ತಲಾರಳು, ಕೆಳಗೂ ಇಳಿಯಲಾರಳು, ಆವತ್ತು ತಿಪಟೂರಿಗೆ ಹೋದದ್ದು, ಬಸ್ಸಿನಲ್ಲಿ ಉದ್ದಕ್ಕೂ ಅವನ ಭುಜಕ್ಕೆ ತಲೆಯಿಟ್ಟಿದ್ದಳು, ತೂಕವೇ ಇರಲಿಲ್ಲ. ಡಾಕ್ಟರ ಕೋಣೆ ಚಿಕ್ಕದು, ನಡುವೆ ಹಸಿರು ಬಟ್ಟೆಯ ಪರದೆ, ಪರದೆಯ ಈಚೆ ಡಾಕ್ಟರು, ಶಾಂತ, ಬೆಟ್ಟಸ್ವಾಮಿ, ಆಚೆ ಕಾಯುವವರ ಬೆಂಚು, ಪರದೆ ನೆಲ ಮುಟ್ಟುತ್ತಿರಲಿಲ್ಲ, ಒಂದು ಗೇಣು ಮೇಲಿತ್ತು, ಡಾಕ್ಟರು ಕಿವುಡರಿಗೆ ಕೇಳುವ ಹಾಗೆ ಜೋರಾಗಿ, ಎಷ್ಟು ದಿನದಿಂದ ಕೆಮ್ಮು, ಎಂದು ಕೇಳಿದರು. ಹೇಳಬೇಕು ಅಂತಲೇ ಬಾಯಿ ತೆರೆದದ್ದು, ಆಷಾಢದಿಂದ ಸ್ವಾಮಿ ಅನ್ನುವುದು ನಾಲಗೆಯ ತುದಿಯಲ್ಲೇ ಇತ್ತು, ಕಣ್ಣು ತಗ್ಗಿಸಿದ, ಪರದೆಯ ಕೆಳಗೆ ಎರಡು ಚಪ್ಪಲಿ, ದಪ್ಪ ಅಟ್ಟೆಯವು, ಕೆಂಪು ಚರ್ಮದವು, ಹೆಬ್ಬೆರಳು ತೂರಿಸುವ ಚರ್ಮದ ಉಂಗುರವಿದ್ದವು, ವೀರಭದ್ರಯ್ಯನವು, ಮಂಡಿಯ ಮೆಟ್ಟಿಲಲ್ಲಿ ಎಷ್ಟು ಸಲ ನೋಡಿಲ್ಲ, ವೀರಭದ್ರಯ್ಯನೇ, ಆಚೆ ಕೂತಿದ್ದಾನೆ, ಕಾಲು ಕೂಡ ಅಲ್ಲಾಡಿಸದೆ ಕಿವಿಗೊಟ್ಟು ಕೂತಿದ್ದಾನೆ. ಹದಿನೈದು ದಿನ ಆಯ್ತೇನೋ ಸ್ವಾಮಿ, ಎಂದ. ಜೋರಾಗಿಯೇ ಎಂದ, ಆಚೆ ಕೇಳಲಿ ಎಂದು. ಶಾಂತ ತಿರುಗಿ ಅಪ್ಪನನ್ನು ನೋಡಿದಳು, ತಪ್ಪು ಉತ್ತರ ಹೇಳಿದ ಚಿಕ್ಕ ಹುಡುಗನನ್ನು ಮೇಷ್ಟ್ರು ನೋಡಿದ ಹಾಗೆ, ಬಯ್ಯದೆ, ಸ್ವಲ್ಪ ಕಾದು, ಇವನೇ ತಿದ್ದಿಕೊಳ್ಳಲಿ ಅಂತ, ಅವನು ತಿದ್ದಲಿಲ್ಲ, ಅವಳು ಮುಖ ಆ ಕಡೆ ಮಾಡಿಕೊಂಡಳು. ಡಾಕ್ಟರು ಅವಳ ಬೆನ್ನಿನ ಮೇಲೆ ಎಡಗೈ ಇಟ್ಟು ಬಲಗೈಯ ಬೆರಳಿನಿಂದ ತಟ್ಟಿದರು, ಟೊಕ್, ಟೊಕ್, ಮೇಲಿಂದ ಕೆಳಕ್ಕೆ, ಒಂದು ಕಡೆ ಸದ್ದು ಬಂತು, ಇನ್ನೊಂದು ಕಡೆ ಬರಲಿಲ್ಲ, ತುಂಬಿದ ಮಡಕೆಯನ್ನು ತಟ್ಟಿದ ಹಾಗೆ, ಅದು ಬೆಟ್ಟಸ್ವಾಮಿಗೂ ಕೇಳಿಸಿತು, ಡಾಕ್ಟರಿಗಿಂತ ಮೊದಲೇ ಕೇಳಿಸಿತು. ನೀರು ತುಂಬಿಕೊಂಡಿದೆ, ಎಂದರು ಡಾಕ್ಟರು. ಹದಿನೈದು ದಿನಕ್ಕೆ ಇಷ್ಟಾಗೋದು ನಾನು ಕಾಣೆ, ಎಂದು ತಮ್ಮಷ್ಟಕ್ಕೆ ಅಂದುಕೊಂಡು, ಹದಿನೈದು ದಿನ ಅಂತಲೇ ಬರೆದರು. ಹೊರಡುವಾಗ ಅವಳನ್ನು ಎತ್ತಿಕೊಂಡ ಹಾಗೆಯೇ ಹಿಂಬದಿಯ ಬಾಗಿಲಿನಿಂದ ಇಳಿಸಿಕೊಂಡು ಬಂದ, ಪರದೆಯ ಆಚೆ ಕಡೆಗೆ ಮುಖ ಹಾಕಲಿಲ್ಲ.

ಆ ಕಾಗದವೇ ಈ ಊರಿನ ಆಸ್ಪತ್ರೆಗೂ ಬಂತು, ಇಲ್ಲಿಯೂ ಕೇಳಿದರು, ಇಲ್ಲಿಯೂ ಅದನ್ನೇ ಹೇಳಿದ, ಒಂದು ಕಡೆ ಹೇಳಿದ್ದನ್ನು ಇನ್ನೊಂದು ಕಡೆ ತಿರುಗಿಸಿದರೆ ಇವನೊಬ್ಬ ಸುಳ್ಳ ಅಂದುಕೊಂಡಾರು ಅಂತ, ಎದೆಗೆ ಸೂಜಿ ಚುಚ್ಚಿ ನೀರು ತೆಗೆದರು, ಬಾಟಲಿಯಲ್ಲಿ ಹಳದಿ ನೀರು, ಒಂದು ಕಾಯಿಯ ಎಳನೀರಿಗಿಂತ ಹೆಚ್ಚಾಗಿಯೇ ಇತ್ತು, ಒಂದೂವರೆ ವರ್ಷ ಮಾತ್ರೆ ನುಂಗಬೇಕು, ನುಂಗಿದರೆ ಉಳಿಯುತ್ತಾಳೆ, ಬೇಗ ತಂದಿದ್ದರೆ ಒಂದು ಕಡೆಯ ಶ್ವಾಸ ಹೀಗೆ ಹೋಗುತ್ತಿರಲಿಲ್ಲ ಎಂದರು ಅಲ್ಲಿಯ ಡಾಕ್ಟರಮ್ಮ. ಬೇಗ ಅಂದರೆ ಹದಿನೈದು ದಿನಕ್ಕಿಂತ ಬೇಗ ಯಾವುದು ಎಂದು ಅವರು ಕೇಳಲಿಲ್ಲ. ಜೀವ ಉಳುದ್ರೆ ಸಾಕು ಕಣ್ರೀ, ಆ ಡಿಗ್ರಿ ಹಾಳಾಗೋಗ್ಲಿ, ಎನ್ನುತ್ತಾಳೆ ಕಲ್ಲಮ್ಮ, ಮಂಚದ ಕೆಳಗೆ ಚಾಪೆ ಹಾಕಿಕೊಂಡವಳು, ಶಾಂತ ಕಿಟಕಿಯ ಕಡೆ ನೋಡುತ್ತ, ಒಂದೇ ಪೇಪರ್ ಅವ್ವಾ, ಎನ್ನುತ್ತಾಳೆ, ಅಳುವುದಿಲ್ಲ, ಒಂದೇ ಪೇಪರ್, ಈಗ ಬತ್ತದೆ ನಂಗೆ, ಹೋದ್ಸಲ ಬಂದಿರ್ಲಿಲ್ಲ, ಈಗ ಪೂರ್ತಿ ಬತ್ತದೆ. ಮದುವೆಯ ಮಾತನ್ನು ಅವಳು ತೆಗೆಯಲಿಲ್ಲ, ಕಾಗದದ ಹೊದಿಕೆಯ ಪುಸ್ತಕವನ್ನು ಮನೆಯಲ್ಲೇ ಬಿಟ್ಟು ಬಂದಿದ್ದಳು, ಈ ಒಂದು ಪೇಪರಿನ ಮೇಲೆಯೇ ಜೀವ ಇಟ್ಟುಕೊಂಡು ಕೂತಿದ್ದಾಳೆ, ಅದು ಅವಳದ್ದು, ಅಪ್ಪನಿಂದ ಬಂದದ್ದಲ್ಲ, ಅವ್ವನಿಂದ ಬಂದದ್ದಲ್ಲ, ಯಾರ ಮನೆಗೆ ಹೋದರೂ ಹೋಗದಿದ್ದರೂ ಅವಳದ್ದೇ. ಅರ್ಜಿಯನ್ನು ತಾನೇ ಬರೆದಳು, ಮೂರು ದಿನ ಹಿಡಿಯಿತು, ಕೊಡುವಾಗ, ಅಪ್ಪಯ್ಯ, ಊರಿಗೆ ಹೋದ್ರೆ ಅಟ್ಟದಿಂದ ಒಂದು ಕಾಯಿ ತಗಂಬಾ, ಕೈಯಾಗೆ ಏನಾರ ಇರ್ಲಿ ಎಂದಳು. ಯಾವುದೋ ಒಂದು ತರಬಹುದಿತ್ತು, ತಂದದ್ದು ಇದನ್ನು, ಚೀಲದ ಮೇಲಿಂದಲೇ ಅದರ ದುಂಡು ಬೆರಳಿಗೆ ಸಿಗುತ್ತಿದೆ, ಸಿಪ್ಪೆಯ ಮೇಲೆ ಅವಳೇ ಇದ್ದಿಲಲ್ಲಿ ಒಂದು ಸೊನ್ನೆ ಸುತ್ತಿದ ಕಾಯಿ, ಎರಡು ವರ್ಷದ ಕೆಳಗೆ, ಇದು ಒಣಗೋ ಕಾಯಲ್ಲ ಅಪ್ಪಯ್ಯ, ಒಳಗೇ ಕೆಡ್ತಾ ಐತೆ, ಇಳಿಸಿ ಬಿಸಾಕು ಎಂದಿದ್ದಳು, ಇನ್ನೊಂದು ಮಳೆಗಾಲ ಇರ್ಲಿ ಬುಡು ಎಂದು ಅವನೇ ಮೂಲೆಗೆ ಸರಿಸಿದ್ದ. ಮೂರೂವರೆ. ಚಪ್ಪಲಿ ಅಲ್ಲಾಡಿಲ್ಲ, ದೊಡ್ಡ ಕಾಗದ ಇರಬೇಕು, ಇವರಂಥ ಒಳ್ಳೆಯವರನ್ನು ಜನ ಬಿಡುವುದಿಲ್ಲ. ಬಾಗಿಲು ತಳ್ಳಿ ಒಳಗೆ ಹೋಗಿಬಿಟ್ಟರೆ ಏನಾದೀತು, ಎದ್ದ, ಎರಡು ಹೆಜ್ಜೆ ಇಟ್ಟ, ಒಳಗೆ ಯಾರೋ ಮಾತಾಡಿದ ಹಾಗಾಯಿತು, ಈ ಕೋಣೆಯೋ ಪಕ್ಕದ್ದೋ, ಇನ್ನೊಬ್ಬರ ಮುಂದೆ ಹೇಳುವ ಮಾತೇ ಇದು, ಹೆತ್ತ ಮಗಳ ಕೆಮ್ಮನ್ನು ಎಂಟು ತಿಂಗಳು ಕೇಳಿಯೂ ಕೇಳದವನ ಹಾಗಿದ್ದೆ ಅಂತ, ಅವರು ಹೋಗಲಿ, ಒಬ್ಬರೇ ಆಗಲಿ, ಮತ್ತೆ ಬಂದು ಕೂತ. ಹೇಳುತ್ತಾನೆ, ಇವತ್ತು ಹೇಳಿಯೇ ಹೇಳುತ್ತಾನೆ, ವೀರಭದ್ರಯ್ಯನಿಗೆ ತಿಳಿಯಲಿ, ತೋಂಟದಾರ್ಯನಿಗೆ ತಿಳಿಯಲಿ, ಪೇಟೆಗೆಲ್ಲ ತಿಳಿಯಲಿ, ಕೊಬ್ಬರಿಯನ್ನು ಯಾರೂ ಮುಟ್ಟದಿದ್ದರೆ ಬೇಡ, ಆಷಾಢದಿಂದ ಸ್ವಾಮಿ, ಆಷಾಢ, ಶ್ರಾವಣ, ಭಾದ್ರಪದ, ಬೆರಳು ಮಡಿಸಿದ, ಮೂರು ತಿಂಗಳೇನು, ಮೂರರ ಮೇಲೆ ಮೂರು, ಅದರ ಮೇಲೂ ಉಂಟು, ನನ್ನ ಮಗಳ ಕಾಯಿಲೆಗೆ ನಿಮ್ಮ ಪುಸ್ತಕ ಕೇಳುವುದಕ್ಕಿಂತ ಹೆಚ್ಚೇ ದಿನ ಇದೆ ಸ್ವಾಮಿ, ಬರೆದುಕೊಳ್ಳಿ. ನಾಲ್ಕು ಗಂಟೆ. ಕಿಟಕಿಯ ಬಿಸಿಲು ಬೆಂಚಿನ ಕಾಲಿನವರೆಗೆ ಬಂತು. ಅವರಾಗಿ ಕರೆಯುತ್ತಾರೆ, ಬೆಳಿಗ್ಗೆ ಅಷ್ಟು ಕಳಕಳಿಯಿಂದ ಮಾತಾಡಿದವರು, ಎದ್ದು ಬಂದು ತಿಪಟೂರಿನ ಯಜಮಾನ್ರೇ ಅನ್ನುತ್ತಾರೆ, ಕಾಯೋಣ.

ಯಾರು ಬೇಕಿತ್ತು ಯಜಮಾನ್ರೇ, ಬೀಗದಕೈ ಗೊಂಚಲು ಹಿಡಿದ ಜವಾನ, ಬೆಳಿಗ್ಗೆ ಒಳಗೆ ಬಿಟ್ಟವನೇ, ಹುಚ್ಚಣ್ಣ ಅಂತ ಕೂಗಿದ್ದರು ಇವನನ್ನು. ನಂಜುಂಡಪ್ಪೋರು, ಒಳಗವ್ರಲ್ಲ, ಕೆಲ್ಸ ಮುಗೀಲಿ ಅಂತ ಕೂತೀನಿ. ಎಲ್ಲವ್ರೆ ಒಳಗೆ, ಅವರು ಮಧ್ಯಾಹ್ನದಿಂದ ಪಕ್ಕದ ರೂಮಲ್ಲಿ ಟೈಪು ಮಾಡುಸ್ತಾ ಕೂತಿದ್ರು, ಆಗ್ಲೇ ಫೈಲ್ ತಗಂಡು ಆ ಕಡೆ ಬಾಗ್ಲಲ್ಲಿ ಮೇಲಕ್ಕೋದ್ರು, ಅಲ್ಲಿಂದ ಹಂಗೇ ಮನೆಗೆ, ತಿಪಟೂರೋರು ಬಂದ್ರಾ ಅಂತ ಎರಡ್ಸಲ ಕೇಳಿದ್ರು, ನೀವೇನಾ ಅದು, ಬಾಗ್ಲು ತಳ್ಕಂಡು ಯಾರೂ ಬರ್ಲಿಲ್ಲ ಸಾರ್ ಅಂದೆ. ಇಲ್ಲ ಕಣಪ್ಪ, ಅಗಾ, ಚಪ್ಪಲಿ ಕಾಣ್ತವಲ್ಲ. ಹುಚ್ಚಣ್ಣ ಅರ್ಧ ಬಾಗಿಲನ್ನು ಕಾಲಿನಿಂದ ತಳ್ಳಿದ, ಮೇಜು, ಮೇಜಿನ ಹಿಂದೆ ಕುರ್ಚಿ, ಕುರ್ಚಿಯಲ್ಲಿ ಯಾರೂ ಇಲ್ಲ, ಕೆಳಗೆ ಕರಿಯ ಪಟ್ಟಿಯ ಎರಡು ಚಪ್ಪಲಿ, ಅವು ಕಚೇರಿ ಚಪ್ಪಲಿ ಯಜಮಾನ್ರೇ, ಕಾಲು ಊದ್ತದೆ ಅಂತ ಕೂತಾಗ ಹಾಕ್ಕತಾರೆ, ಎದ್ದು ಹೊರಗೋಗಕ್ಕೆ ಬೂಟು, ಇವು ಯಾವಾಗ್ಲೂ ಇಲ್ಲೇ ಬಿದ್ದಿರ್ತವೆ, ಅದನ್ನ ನೋಡ್ಕಂಡು ಕೂತಿದ್ರಾ. ಗಡಿಯಾರದಲ್ಲಿ ನಾಲ್ಕು ಮುಕ್ಕಾಲು. ಮೇಲೆ ಹೋದರೆ ಎಂದ ಬೆಟ್ಟಸ್ವಾಮಿ, ಮೇಲೆ ಯಾರೂ ಇಲ್ಲ, ಬೀಗ ಹಾಕಿಯೇ ನಾನು ಇಳಿದು ಬಂದೆ, ನಾಳೆ ಬರ್ತೀನಿ ಎಂದ, ನಾಳೆ ಬಂದು ಏನ್ ಮಾಡ್ತೀರಾ, ಇವತ್ತೇ ಕೊನೆ ಅಲ್ವಾ ಅದು. ಸ್ವಲ್ಪ ನೀರು ಕುಡೀತೀರಾ ಎಂದು ಹುಚ್ಚಣ್ಣ ಕೇಳಿದ, ಅರ್ಧ ಬಾಗಿಲ ಮೇಲಿಂದ ದೊಡ್ಡ ಬಾಗಿಲನ್ನು ಎಳೆದು ಬೀಗ ಹಾಕಿದ.

ಬೆಟ್ಟಸ್ವಾಮಿ ಬೆಂಚಿನ ಮೇಲೆಯೇ ಇದ್ದಾನೆ, ಎರಡು ಮೈಲಿ ನಡೆಯಬೇಕು, ಕಿಟಕಿಯ ಪಕ್ಕದ ಮಂಚದಲ್ಲಿ ಅವಳು ದಿಂಬಿಗೆ ಒರಗಿ ದಾರಿ ನೋಡುತ್ತಿರುತ್ತಾಳೆ, ಏನಂದ್ರು ಅಪ್ಪಯ್ಯ ಅನ್ನುತ್ತಾಳೆ, ಏನನ್ನಬೇಕು, ಚಪ್ಪಲಿ ನೋಡ್ಕಂಡು ಕೂತಿದ್ದೆ ಮಗಾ ಅನ್ನಬೇಕೆ, ಕೈ ಚೀಲದೊಳಗೆ ಹೋಯಿತು, ಕಾಯಿ ಹೊರಗೆ ಬಂತು, ಕಿವಿಗೆ ಹಿಡಿದ, ಅಲ್ಲಾಡಿಸಲಿಲ್ಲ, ಸುಮ್ಮನೆ ಹಿಡಿದುಕೊಂಡ, ಕಿವಿಗೆ ಸಿಪ್ಪೆಯ ತಂಪು — ತಿಪಟೂರಿನಲ್ಲಿ ಡಾಕ್ಟರ ಹತ್ತಿರ ಹೋಗಿಬಂದ ಎಂಟನೆಯ ದಿನ ಮಂಡಿಯ ಮುಂದೆ ವೀರಭದ್ರಯ್ಯ ಸಿಕ್ಕಿದ್ದ, ಏನ್ಲಾ ಬೆಟ್ಟಸ್ವಾಮಿ, ಕಾಣ್ಲೇ ಇಲ್ಲ ಇತ್ಲಾಗೆ, ನಾನೂ ಊರಲ್ಲಿರ್ಲಿಲ್ಲ, ಶಿವರಾತ್ರಿ ಆದೇಟ್ಗೆ ಚಿಕ್ಕನಾಯಕನಹಳ್ಳಿಗೆ ಹೋದೋನು ಹತ್ತು ದಿನ ಅಲ್ಲೇ ಉಳ್ಕಂಡೆ, ಮಗಳ ಪರೀಕ್ಷೆ ಯಾವಾಗ, ಎಂದು ಕೇಳಿದ್ದ, ಎಂಥ ನಟನೆ ಮಾಡುತ್ತಾನೆ ಪರದೆಯ ಆಚೆ ಕೂತು ಎಲ್ಲ ಕೇಳಿಸಿಕೊಂಡವನು ಎಂದುಕೊಂಡಿದ್ದ ಆಗ, ಹತ್ತು ದಿನ, ಹತ್ತು ದಿನ ಊರಲ್ಲಿರಲಿಲ್ಲ ಎಂದನಲ್ಲ, ಅಂಥ ಚಪ್ಪಲಿಯನ್ನು ಪೇಟೆಯಲ್ಲಿ ಅರ್ಧ ಜನ ಮೆಟ್ಟುತ್ತಾರೆ, ಸೂಜಿ ಹಾಕಿಸಿಕೊಳ್ಳಲು ಒಳಕೋಣೆಗೆ ಹೋಗುವವರು ಅಲ್ಲೇ ಕಳಚಿಟ್ಟು ಹೋಗುತ್ತಾರೆ, ತಾನೂ ಅಲ್ಲೇ ಕಳಚಿಟ್ಟಿದ್ದ, ಬರಿಗಾಲಲ್ಲೇ ಹೊರಟು ಬಂದಿದ್ದ, ಕಾಲು ಕೂಡ ಅಲ್ಲಾಡಿಸದೆ, ಅಲ್ಲಾಡಿಸದೆ — ಎಷ್ಟು ದಿನದಿಂದ ಕೆಮ್ಮು — ಹಸಿರು ಪರದೆ, ಪರದೆಯ ಕೆಳಗೆ ಎರಡು ಚಪ್ಪಲಿ, ದಪ್ಪ ಅಟ್ಟೆ, ಕೆಂಪು ಚರ್ಮ, ಹೆಬ್ಬೆರಳಿನ ಉಂಗುರ, ಉಂಗುರದೊಳಗೆ ಬೆರಳು, ಬೆರಳು ಇತ್ತೆ, ಹಸಿರು ಪರದೆ, ಪರದೆಯ ಕೆಳಗೆ ಎರಡು ಚಪ್ಪಲಿ, ಉಂಗುರ, ಉಂಗುರದ ತೂತಿನಲ್ಲಿ ಬೆಳಕು